ದೂರದ ಷರತ್ತು

ಓಲ್ಷ್ಟಿನ್ ವಿಶ್ವವಿದ್ಯಾಲಯದ ನಮ್ಮ ಗಣಿತ ಸೆಮಿನಾರಿನಲ್ಲಿ ಹೊಸ ಪ್ರಮೇಯ ಸಾಧಿಸಿದವರೇ ಗಸಗಸೆ ಕೇಕ್ ತರಬೇಕು. ಪ್ರಮೇಯ ನಿಲ್ಲಲಿ ಬೀಳಲಿ, ಕೇಕ್ ಮಾತ್ರ ಮೊದಲೇ ಖಾಲಿ. ಅವತ್ತು ತಂದವಳು ಸಂಶೋಧನಾ ವಿದ್ಯಾರ್ಥಿನಿ ಬೊಗ್ನಾ.

“ಸಿಂಪ್ಲೆಕ್ಟಿಕ್ ಜ್ಯಾಮಿತಿಯಲ್ಲಿ ನೆರೆಯ ಉಪಾವಕಾಶಗಳನ್ನ ನನ್ನ ನಕ್ಷೆ ನೆರೆಯಲ್ಲೇ ಇಡುತ್ತೆ. ಅಂದ್ರೆ ಪಕ್ಕಪಕ್ಕ ಇದ್ದವು ಜಾಗ ಬದಲಿಸಿದ ಮೇಲೂ ಪಕ್ಕಪಕ್ಕವೇ ಇರುತ್ತವೆ. ಹಾಗಾಗಿ ಇಡೀ ರಚನೆ ಉಳಿಯುತ್ತೆ,” ಅಂದಳು.

ಪ್ರೊಫೆಸರ್ ಜೆಮೊವಿತ್ ಕೇಕ್ ಅಗಿಯುತ್ತಲೇ ಕೇಳಿದರು: “ಎಲ್ಲವನ್ನೂ ಒಂದೇ ರೇಖೆ ಮೇಲೆ ತುರುಕಿದರೆ? ಅಲ್ಲಿ ಎಲ್ಲವೂ ಒಂದಕ್ಕೊಂದು ನೆರೆಯವೇ. ನಿನ್ನ ಷರತ್ತು ಉಳೀತು, ರಚನೆ ಮಣ್ಣುಪಾಲಾಯ್ತು. ದೂರ ಇದ್ದದ್ದು ದೂರವೇ ಇರಬೇಕು ಅಂತಲೂ ಬರಿಯಮ್ಮ.”

ಬೊಗ್ನಾ ಪೆಚ್ಚಾಗಿ ಬೋರ್ಡಿನ ಮೇಲಿದ್ದ ಪ್ರಮೇಯ ಒರೆಸತೊಡಗಿದಳು.

ಹಿಂದಿನ ಬೆಂಚಿನಲ್ಲಿದ್ದ ಪ್ರೊಫೆಸರರ ವಿಚ್ಛೇದಿತ ಹೆಂಡತಿ, ಬೀಜಗಣಿತ ಕಲಿಸುವ ಹಾಲ್ಷ್ಕಾ, ತಲೆಯೆತ್ತದೆ ಹೇಳಿದರು: “ಬೇಜಾರು ಮಾಡ್ಕೋಬೇಡ ಬೊಗ್ನಾ. ಆ ದೂರದ ಷರತ್ತು ಕಲಿಯೋಕೆ ನನಗೆ ಒಂದು ಮದುವೆನೇ ಬೇಕಾಯ್ತು.”