ಚಂದ್ರದೀಪದ ಡಬ್ಬಿಯ ಬಲಮೂಲೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಕ್ಕ ಕಂಡಕಂಡವರ ಮುಂದೆ ಹೇಳುತ್ತಾಳೆ. ಹೇಳಲಿ ಬಿಡಿ. ಇಪ್ಪತ್ತೆರಡು ವರ್ಷ ಚೀಟಿ ಅಂಟಿಸುವ ಗೋದಾಮಿನಲ್ಲಿ ಬೆನ್ನು ಬಗ್ಗಿಸಿದವಳಿಗೆ ಕೋಪ ಇನ್ನೆಲ್ಲಿರಬೇಕಂತೆ? ಹಡಗಿನಲ್ಲಿ ಬಂದ ಸಾಮಾನು ಅಂಗಡಿಗೆ ಹೋಗುವ ಮುಂಚೆ ನಮ್ಮ ಕೈ ದಾಟಿಯೇ ಹೋಗಬೇಕು. ಆಟಿಕೆ, ಇಸ್ತ್ರಿ ಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರ, ಮಕ್ಕಳ ಹಾಲಿನ ಬಾಟಲಿ, ಏನೇ ಇರಲಿ, ಅದರ ಡಬ್ಬಿಯ ಮೇಲೆ ನಮ್ಮ ಭಾಷೆಯ ಚೀಟಿ ಬೀಳಬೇಕು. ಎಲ್ಲಿ ತಯಾರಾಯಿತು, ಯಾರು ತರಿಸಿದರು, ಎಷ್ಟು ವೋಲ್ಟು, ಯಾರ ಕೈಗೆ ಕೊಡಬಾರದು, ಎಲ್ಲ ಅದರಲ್ಲಿರುತ್ತದೆ. ಚೀಟಿ ಇಲ್ಲದ ಡಬ್ಬಿ ಗೇಟು ದಾಟುವ ಹಾಗಿಲ್ಲ. ಅಂಟಿಸುವವರು ಹನ್ನೊಂದು ಜನ ಹೆಂಗಸರು, ಅವರಲ್ಲಿ ನನ್ನ ಅಕ್ಕ ಒಬ್ಬಳು. ಅವರು ಅಂಟಿಸಿದ್ದನ್ನು ನೋಡಿ, ಸರಿಯಿದ್ದರೆ ದೊಡ್ಡ ಪೆಟ್ಟಿಗೆಗೆ ತುಂಬಿಸಿ ಮೊಹರು ಒತ್ತುವವಳು ನಾನು.

ಬಿಸಿಲು ತಡೆಯಲೆಂದು ಗೋದಾಮಿನ ಕಿಟಕಿ ಗಾಜುಗಳಿಗೆ ಸುಣ್ಣ ಬಳಿದಿದ್ದಾರೆ. ಹಾಗಾಗಿ ಒಳಗೆ ಬೆಳಗ್ಗೆಯೂ ಒಂದೇ, ಮಧ್ಯಾಹ್ನವೂ ಒಂದೇ, ನೀರು ಬೆರೆಸಿದ ಹಾಲಿನಂಥ ಬೆಳಕು. ಅಂಟಿನ ವಾಸನೆಗೆ ತಲೆ ಸ್ವಲ್ಪ ತೇಲಿದಂತಿರುತ್ತದೆ. ನಿದ್ದೆ ಬಾರದಿರಲೆಂದು ಹೆಂಗಸರು ಚೀಟಿಯಲ್ಲಿರುವುದನ್ನೇ ಬಾಯಲ್ಲಿ ಗುನುಗುತ್ತಾರೆ. ಒಬ್ಬಳು ‘ಒದ್ದೆ ಕೈಯಲ್ಲಿ ಮುಟ್ಟಬೇಡಿ’ ಎಂದರೆ ಇನ್ನೊಬ್ಬಳು ‘ಬೆಂಕಿಯಿಂದ ದೂರವಿಡಿ’ ಎನ್ನುತ್ತಾಳೆ, ಅದಕ್ಕೊಂದು ರಾಗ ತಾನಾಗಿ ಹುಟ್ಟಿಕೊಳ್ಳುತ್ತದೆ. ಅಕ್ಕನ ದನಿ ಎಲ್ಲರಿಗಿಂತ ಚೆನ್ನಾಗಿದೆ. ಅವಳು ಶುರು ಮಾಡಿದರೆ ಉಳಿದವರು ಸುಮ್ಮನಾಗುತ್ತಾರೆ.

ಚಂದ್ರದೀಪ ಬಂದದ್ದು ಒಂದು ಮಂಗಳವಾರ. ಎರಡು ಮುಷ್ಟಿಯಷ್ಟು ದಪ್ಪದ ಬಿಳಿ ಗೋಲ, ಮೈಮೇಲೆ ಚಂದ್ರನ ಹಾಗೆಯೇ ತಗ್ಗುದಿಣ್ಣೆ, ಅಂಗೈಯಿಂದ ಮೆಲ್ಲಗೆ ಒತ್ತಿದರೆ ಹತ್ತಿಕೊಳ್ಳುತ್ತದೆ. ಮಕ್ಕಳ ಹಾಸಿಗೆ ಪಕ್ಕ ಇಡುವುದಂತೆ. ಹತ್ತು ಡಬ್ಬಿಗೊಂದರಂತೆ ತೆಗೆದು ಹಚ್ಚಿ ನೋಡುವುದು ನಮ್ಮಲ್ಲಿ ನಿಯಮ. ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಉದ್ದನೆಯ ಮೇಜಿನ ಮೇಲೆ ನಲವತ್ತು ಚಂದ್ರರು ಉರಿಯುತ್ತಿದ್ದರು.

ಏನು ಹೇಳಲಿ, ಆ ದಿನ ಗೋದಾಮು ಗೋದಾಮಾಗಿರಲಿಲ್ಲ. ಎಲ್ಲರ ಮಾತೂ ಮೆತ್ತಗಾಯಿತು. ದಿನಾ ಕಾಲು ಕೆರೆದುಕೊಂಡು ಜಗಳಕ್ಕೆ ಬರುವ ಪಕ್ಕದ ಸಾಲಿನವಳು ಕೂಡ ಅಂದು ನನ್ನ ಹತ್ತಿರ ಬಂದು, “ಒಂದು ಸಲ ಒತ್ತಲಾ ಕಣೇ?” ಎಂದು ಮಗುವಿನ ಹಾಗೆ ಕೇಳಿದಳು. ನಾನು ಮೊಹರು ಒತ್ತುತ್ತಾ ಒತ್ತುತ್ತಾ ಎಲ್ಲೋ ಹೋಗಿಬಿಟ್ಟಿದ್ದೆ. ಒಂದೊಂದು ಡಬ್ಬಿಯೂ ನೆಲ ಬಿಟ್ಟೆದ್ದು, ಮೇಲಕ್ಕೆ ತೇಲಿ, ನಾನು ಎಂದೂ ಕಾಣದ ಮನೆಗಳ ಕೋಣೆಗಳಿಗೆ ಹೋಗಿ ಇಳಿಯುತ್ತಿತ್ತು. ಅಲ್ಲಿ ಮಗುವೊಂದು ಮಗ್ಗುಲಾಗಿ ಮಲಗಿತ್ತು, ಅದರ ಕೆನ್ನೆಯ ಮೇಲೆ ಈ ಬೆಳಕು ಬಿದ್ದಿತ್ತು. ಬಾಗಿಲ ಹತ್ತಿರ ಯಾರೋ ಚಪ್ಪಲಿ ಬಿಟ್ಟು ಸದ್ದಿಲ್ಲದೆ ಒಳಗೆ ಬರುತ್ತಿದ್ದರು. ಎಷ್ಟೋ ವರ್ಷದ ಮೇಲೆ ಈ ಕೆಲಸದಲ್ಲಿ ನನಗೆ ಖುಷಿಯಾಗಿತ್ತು.

ಆ ಖುಷಿಯಲ್ಲಿ ನಾನು ಅಕ್ಕನ ಡಬ್ಬಿಗಳನ್ನು ನೋಡಲೇ ಇಲ್ಲ.

ಇಲ್ಲಿ ಒಂದು ವಿಷಯ ಹೇಳಬೇಕು. ಅಕ್ಕನಿಗೆ ಕಣ್ಣು ಕಾಣುವುದು ಕಡಿಮೆಯಾಗುತ್ತಾ ಬಂದು ಒಂದು ವರ್ಷವಾಗಿತ್ತು. ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಮನೆಯಲ್ಲಿ ಲೋಟ ತುಂಬಿದ ಮೇಲೂ ನೀರು ಸುರಿಯುತ್ತಲೇ ಇರುತ್ತಿದ್ದಳು, ನಾನು ಬಟ್ಟೆ ತಂದು ಒರೆಸುತ್ತಿದ್ದೆ. ಕೆಲಸದಲ್ಲಿ ಅವಳ ಚೀಟಿ ಓರೆಯಾಗಿದ್ದರೆ ಯಾರಿಗೂ ಕಾಣದಂತೆ ಕಿತ್ತು ನೆಟ್ಟಗೆ ಅಂಟಿಸುತ್ತಿದ್ದೆ. ಡಬ್ಬಿಯ ಹಿಂಬದಿ, ಕೆಳಗಿನ ಬಲಮೂಲೆ, ಅಂಚಿನಿಂದ ಎರಡು ಬೆರಳು ಮೇಲೆ, ಎರಡು ಬೆರಳು ಒಳಗೆ. ನಮ್ಮ ಚೀಟಿಯ ಜಾಗ ಅದು. ಅದಕ್ಕೆ ಕಣ್ಣು ಬೇಡ, ಬೆರಳಿದ್ದರೆ ಸಾಕು. ಭಾವ ತೀರಿಕೊಂಡು ಅಕ್ಕ ನನ್ನ ಮನೆಗೆ ಬಂದ ಮೇಲೆ ಅವಳಿಗೆ ಅಂತ ಇದ್ದದ್ದು ಆ ಒಂದು ಕುರ್ಚಿ. “ಅದೊಂದು ಬಿಟ್ರೆ ನಾನು ಗೋಡೆ ನೋಡ್ಕೊಂಡು ಕೂರ್ಬೇಕು ಅಷ್ಟೆ” ಎಂದು ಒಮ್ಮೆ ನಗುತ್ತಲೇ ಹೇಳಿದ್ದಳು. ಆ ಮಾತು ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡು ಒಂದೇ ಸೂರಿನಡಿ ಇದ್ದೆವು.

ಅಂದು ಬೆಳಗ್ಗೆ ನಮ್ಮ ಮೇಲ್ವಿಚಾರಕರು ಬಂದಿದ್ದರು. ಯಾವಾಗಲೂ ಕೈಯಲ್ಲಿ ಸ್ಕೇಲು ಹಿಡಿದು ಓಡಾಡುವುದರಿಂದ ಅವರನ್ನು ನಾವು ಮಿಲಿಮೀಟರ್ ಸಾರ್ ಎನ್ನುತ್ತೇವೆ, ಬೆನ್ನ ಹಿಂದೆ ಅನ್ನಿ. ಅವರು ಚಂದ್ರದೀಪದ ಡಬ್ಬಿಯೊಂದನ್ನು ಎತ್ತಿ ಹಿಡಿದು, ಸ್ಕೇಲಿನಿಂದ ಟಕ್ ಟಕ್ ಎಂದು ತಟ್ಟಿ, “ನೋಡಿ, ಇದಕ್ಕೆ ಇಲ್ಲಲ್ಲ, ಇಲ್ಲಿ” ಎಂದು ಹೇಳಿ ಹೋದರು. ಎಡ ಅನ್ನಲಿಲ್ಲ, ಬಲ ಅನ್ನಲಿಲ್ಲ. ಕಣ್ಣಿದ್ದವರಿಗೆ ಅಷ್ಟು ಸಾಕಿತ್ತು. ಆ ಡಬ್ಬಿಯ ಬಲಮೂಲೆಯಲ್ಲಿ ತಯಾರಕರೇ ಅಚ್ಚು ಹಾಕಿದ ಎಚ್ಚರಿಕೆಯ ಚಿತ್ರವಿತ್ತು. ಒಂದು ಮಗುವಿನ ತಲೆ, ತೆರೆದ ಬಾಯಿ, ಬಾಯಿಯ ಮುಂದೆ ಗುಂಡನೆಯ ಸಣ್ಣ ಬ್ಯಾಟರಿ, ಮೇಲೊಂದು ಅಡ್ಡಗೆರೆ. ದೀಪದೊಳಗೆ ಅಂಗಿಯ ಗುಂಡಿಯಷ್ಟು ಅಗಲದ ಬ್ಯಾಟರಿ ಎರಡು ಇರುತ್ತವೆ. ಮಗು ನುಂಗಿದರೆ ಅದು ಗಂಟಲನ್ನು ಒಳಗಿನಿಂದ ಸುಡುತ್ತದೆ. ಹಾಗಾಗಿ ಆ ಚಿತ್ರವನ್ನು ಮುಚ್ಚಕೂಡದು, ನಮ್ಮ ಚೀಟಿ ಎಡಕ್ಕೆ ಬರಬೇಕು.

ಮೂರು ಗಂಟೆಯ ಸುಮಾರಿಗೆ ಲಾರಿ ತುಂಬಿತ್ತು. ಡ್ರೈವರು ಟಾರ್ಪಾಲು ಎಳೆಯುತ್ತಿದ್ದ. ನನ್ನ ಮೇಜಿನ ಮೇಲಿದ್ದ ಚಂದ್ರನೊಬ್ಬ ಮಂಕಾದನೆಂದು ಅಕ್ಕನ ರಾಶಿಯಿಂದ ಹೊಸದೊಂದು ಡಬ್ಬಿ ಎತ್ತಿಕೊಂಡೆ. ತಿರುಗಿಸಿ ನೋಡಿದೆ. ಬಲಮೂಲೆಯಲ್ಲಿ ನಮ್ಮ ಚೀಟಿ, ಎರಡು ಬೆರಳು ಮೇಲೆ, ಎರಡು ಬೆರಳು ಒಳಗೆ, ಒಂದು ಕೂದಲೆಳೆಯಷ್ಟೂ ಓರೆಯಿಲ್ಲ. ಮೂಲೆ ಹಿಡಿದು ಮೆಲ್ಲಗೆ ಎಬ್ಬಿಸಿದೆ. ಅಡಿಯಲ್ಲಿ ಆ ಮಗು ಬಾಯಿ ತೆರೆದುಕೊಂಡಿತ್ತು.

ಅಕ್ಕನ ರಾಶಿಯಿಂದ ಅಷ್ಟರಲ್ಲಾಗಲೇ ಹತ್ತೊಂಬತ್ತು ಪೆಟ್ಟಿಗೆ ಲಾರಿ ಸೇರಿದ್ದವು. ಹತ್ತೊಂಬತ್ತಕ್ಕೂ ನನ್ನದೇ ಮೊಹರು.

ಅಕ್ಕ ಕೈ ತೊಳೆಯುವ ನಲ್ಲಿಯ ಹತ್ತಿರ ಇದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ.

“ಅಕ್ಕಾ, ಬೆಳಗ್ಗೆ ಸಾರ್ ಚೀಟಿ ಎಲ್ಲಿ ಅಂಟ್ಸಿ ಅಂದ್ರು?”

“ಎಲ್ಲಿ ಅಂದ್ರೆ? ದಿನಾ ಅಂಟ್ಸೋ ಕಡೆ. ನನಗೇ ಪಾಠ ಹೇಳಕ್ಕೆ ಬಂದ್ಯಾ?”

“ಅವರು ಡಬ್ಬಿ ಎತ್ತಿ ತೋರ್ಸಿದ್ರು, ಅಕ್ಕಾ.”

ನಲ್ಲಿ ಹರಿಯುತ್ತಲೇ ಇತ್ತು. ಅವಳು ಅದನ್ನು ತಡಕಿ ನಿಲ್ಲಿಸಿದಳು. “ತೋರ್ಸಿದ್ರಾ?” ಎಂದಳು. ಆಮೇಲೆ ಬಹಳ ಹೊತ್ತು ಸೆರಗಿಗೆ ಕೈ ಒರೆಸಿಕೊಂಡಳು.

“ಎಷ್ಟು ಪೆಟ್ಟಿಗೆ ಹೋಗಿದೆ?”

“ಹತ್ತೊಂಬತ್ತು.”

“ಇಳಿಸಿದ್ರೆ ಯಾರು ಅಂಟ್ಸಿದ್ದು ಅಂತ ಕೇಳ್ತಾರೆ.”

“ಕೇಳ್ದೆ ಇರ್ತಾರಾ?”

“ಮಕ್ಕಳ ಕೈಗೆ ಸಿಗದ ಹಾಗೆ ಇಡಿ ಅಂತ ನಮ್ಮ ಚೀಟೀಲೂ ಇದೆಯಲ್ಲೇ. ಒಂದು ಚಿತ್ರ ಇಲ್ದಿದ್ರೆ ಏನು ಮುಳುಗಿ ಹೋಗತ್ತೆ?”

ನನಗೆ ತಲೆ ಕೆಟ್ಟಿತು. “ಓದಕ್ಕೆ ಬರ್ದೇ ಇರೋ ತಾಯಿ ಏನು ಮಾಡ್ಬೇಕು? ಅಕ್ಷರ ಕಾಣ್ದೇ ಇರೋ ಅಜ್ಜಿ ಏನು ಮಾಡ್ಬೇಕು?” ಎಂದು ಕೂಗಿಬಿಟ್ಟೆ. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅಕ್ಕ ಒಳಗೆ ಹೋದಳು.

ನಾನು ಲಾರಿ ನಿಲ್ಲಿಸಿದೆ. “ಅಯ್ಯೋ, ಈಗಷ್ಟೇ ಹಗ್ಗ ಕಟ್ಟಿದೆ ಕಣಮ್ಮಾ, ನಿಮ್ಮ ಚಂದ್ರನಿಗೆ ಗ್ರಹಣ ಹಿಡೀಲಿ” ಎಂದು ಡ್ರೈವರು ಗೊಣಗುತ್ತಾ ಹಗ್ಗ ಬಿಚ್ಚಿದ. ಹತ್ತೊಂಬತ್ತು ಪೆಟ್ಟಿಗೆ ಇಳಿದು ಬಂದವು. ಮಿಲಿಮೀಟರ್ ಸಾರ್ ಒಂದು ಡಬ್ಬಿ ತೆಗೆದು, ಚೀಟಿ ಎತ್ತಿ, ಚಿತ್ರ ನೋಡಿ, “ಯಾರು ಅಂಟ್ಸಿದ್ದು ಇದು?” ಎಂದರು.

ಅಕ್ಕ ಎದ್ದು ನಿಂತಳು. “ನಾನು ಸಾರ್.”

“ಯಾಕಮ್ಮಾ, ಕಣ್ಣು ಕಾಣಲ್ವಾ ನಿಮಗೆ?”

ಅದು ಬೈಯುವಾಗ ಯಾರಾದರೂ ಯಾರಿಗಾದರೂ ಅನ್ನುವ ಮಾತು. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ಆದರೆ ಅಕ್ಕ ಕತ್ತು ಎತ್ತಿ, “ಚೆನ್ನಾಗಿ ಕಾಣತ್ತೆ ಸಾರ್” ಎಂದಳು. ಆ ಉತ್ತರದ ಬಿಗಿಗೆ ಅವರಿಗೆ ಏನನ್ನಿಸಿತೋ, ಜೇಬಿನಿಂದ ಚೀಟಿಯೊಂದನ್ನು ತೆಗೆದು ಅವಳ ಕೈಗಿಟ್ಟು, “ಹಾಗಾದ್ರೆ ಓದಿ ನೋಡೋಣ” ಎಂದು ಹೇಳಿ, ಪೆಟ್ಟಿಗೆ ಎಣಿಸಲು ಆ ಕಡೆ ತಿರುಗಿದರು.

ಅಕ್ಕ ಚೀಟಿಯನ್ನು ಮುಖದ ಮುಂದೆ ಹಿಡಿದಳು. ಸಾಲಿನಿಂದ ಸಾಲಿಗೆ ಬೆರಳು ಇಳಿಸುತ್ತಾ ಓದತೊಡಗಿದಳು.

“ಚಂದ್ರದೀಪ. ಮೂರು ವೋಲ್ಟು. ಒಳಗೆ ಎರಡು ಗುಂಡಿ ಬ್ಯಾಟರಿಗಳಿವೆ. ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಮುಚ್ಚಳ ಸಡಿಲವಾಗಿದ್ದರೆ ಬಳಸಬೇಡಿ.”

ಒಂದಕ್ಷರ ತಪ್ಪಲಿಲ್ಲ. ನಲವತ್ತು ದೀಪಗಳ ಬೆಳಕು ಅವಳ ಮುಖದ ಮೇಲಿತ್ತು, ಐವತ್ತೆಂಟರ ಅಕ್ಕ ಆಗ ಹುಡುಗಿಯ ಹಾಗೆ ಕಂಡಳು. ಎಲ್ಲ ಸಾಲುಗಳ ಹೆಂಗಸರೂ ಅಂಟು ಹತ್ತಿದ ಬೆರಳುಗಳನ್ನು ಗಾಳಿಯಲ್ಲೇ ಹಿಡಿದುಕೊಂಡು ಅವಳ ದನಿ ಕೇಳುತ್ತಿದ್ದರು. ನನಗೂ ಒಂದು ಕ್ಷಣ ಎಲ್ಲವೂ ಸರಿಹೋಯಿತೆಂದೇ ಅನ್ನಿಸಿತು.

“ಸರಿ ಸರಿ” ಎಂದರು ಸಾರ್, ತಿರುಗದೆಯೇ. “ಇನ್ಮೇಲೆ ನಾನು ತೋರ್ಸೋವಾಗ ಗಮನ ಇರ್ಲಿ. ಈ ಚೀಟಿಗಳನ್ನೆಲ್ಲ ಕಿತ್ತು ಹೊಸದು ಅಂಟ್ಸಿ.”

ಅಷ್ಟೇ. ಮುಗಿಯಿತು. ಅಕ್ಕನ ಕುರ್ಚಿ ಉಳಿಯಿತು.

ಅವಳ ಭುಜದ ಪಕ್ಕ ನಿಂತಿದ್ದ ನಾನೊಬ್ಬಳೇ ಆ ಚೀಟಿಯನ್ನು ನೋಡಿದೆ. ಅದು ಚಂದ್ರದೀಪದ್ದಲ್ಲ. ಹಿಂದಿನ ದಿನ ಬಂದಿದ್ದ ಕೂದಲು ಒಣಗಿಸುವ ಯಂತ್ರದ್ದು. ಬೆಳಗ್ಗೆಯಿಂದ ಸಾಲಿನಲ್ಲಿ ಗುನುಗಿದ್ದನ್ನೇ ಅಕ್ಕ ಬಾಯಿಪಾಠ ಒಪ್ಪಿಸಿದ್ದಳು. ಸಾರ್ ಜೇಬಿನಲ್ಲಿ ಅದೂ ಇದೂ ಕಲೆತು ಬಿದ್ದಿರುತ್ತವೆ.

ನಾನು ಸುಮ್ಮನಿರಬಹುದಿತ್ತು. ಒಂದು ವರ್ಷ ಸುಮ್ಮನಿದ್ದವಳಿಗೆ ಇನ್ನೊಂದು ದಿನ ಭಾರವೆ? ದೇವರಾಣೆ, ಸುಮ್ಮನಿರಬೇಕೆಂದೇ ನಾನು ಬಯಸಿದೆ. ಆದರೆ ನಾಳೆ ಬೆಳಗ್ಗೆ ಹಾಲಿನ ಬಾಟಲಿಗಳು ಬರುವುದಿತ್ತು. ನಾನು ಮತ್ತೆ ಯಾವುದೋ ಬೆಳಕು ನೋಡುತ್ತಾ ಮೈಮರೆತರೆ? ನನ್ನ ಕಣ್ಣ ಮುಂದೆ ಆ ಕೋಣೆ ಬಂತು, ಮಗ್ಗುಲಾಗಿ ಮಲಗಿದ ಮಗು ಬಂತು. ಈ ಸಲ ಅದರ ಮುಷ್ಟಿಯೊಳಗೆ ಏನೋ ಹೊಳೆಯುತ್ತಿತ್ತು.

“ಅಕ್ಕಾ” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಹೇಳಿದೆ. “ಅಕ್ಕಾ, ನಿನ್ನ ಕೈಯಲ್ಲಿರೋದು ಕೂದಲು ಒಣಗ್ಸೋ ಯಂತ್ರದ ಚೀಟಿ.”

ಸಾರ್ ತಿರುಗಿದರು. ಬಂದು ಅವಳ ಕೈಯಿಂದ ಚೀಟಿ ತೆಗೆದುಕೊಂಡು ನೋಡಿದರು, ಅವಳ ಕಣ್ಣುಗಳನ್ನು ನೋಡಿದರು.

“ನನಗೂ ಗೊತ್ತಿತ್ತು ಸಾರ್” ಎಂದೆ. “ಒಂದು ವರ್ಷದಿಂದ ನಾನೇ ಮುಚ್ಚಿಟ್ಟೆ.”

ಅವರು ಕೈ ಚಾಚಿದರು. ನಾನು ಮೊಹರನ್ನು ಅವರ ಅಂಗೈಯಲ್ಲಿಟ್ಟೆ. “ಮನೆಗೆ ಹೋಗಿ, ಇಬ್ರೂ” ಎಂದರು. ಬೈದಿದ್ದರೆ ಚೆನ್ನಾಗಿತ್ತು, ಅವರು ಬೈಯಲಿಲ್ಲ.

ಅಕ್ಕ ಮೈಮೇಲಿನ ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಕುರ್ಚಿಯ ಮೇಲಿಟ್ಟಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗೇಟು ದಾಟಿದೆವು. ಇನ್ನೂ ಬಿಸಿಲಿತ್ತು. ಆ ಹೊತ್ತಿನಲ್ಲಿ ರಸ್ತೆ ನೋಡಿ ಅಭ್ಯಾಸವಿಲ್ಲದ್ದಕ್ಕೋ ಏನೋ, ಅಂಗಡಿ, ಕಂಬ, ಸೈಕಲ್ಲು ಎಲ್ಲ ಹೊಗೆಯೊಳಗಿಂದ ಕಂಡಂತೆ ಕಾಣುತ್ತಿದ್ದವು. ಅಳುತ್ತಿದ್ದೇನೆಂದು ನನಗೆ ತಡವಾಗಿ ಗೊತ್ತಾಯಿತು. ಕೈ ಹಿಡಿಯೋಣವೆಂದು ನಾನು ಅಕ್ಕನ ತೋಳು ಮುಟ್ಟಿದೆ. ಅವಳು ಕೊಡವಿ ಬಿಡಿಸಿಕೊಂಡಳು. ಮುಟ್ಟಿದರೆ ಇನ್ನಷ್ಟು ನೋಯುತ್ತಾಳೆಂದು ನಾನು ಮುಂದೆ ಹೋದೆ, ಅವಳಿಗೆ ನನ್ನ ಇರವೇ ಬೇಡವಾಗಿರಬಹುದೆಂದು ಹೆಜ್ಜೆಯ ಸದ್ದೂ ಆಗದಂತೆ ಮೆತ್ತಗೆ ನಡೆದೆ.

ಹತ್ತು ಮಾರು ಹೋಗಿ ತಿರುಗಿ ನೋಡಿದರೆ ಅಕ್ಕ ಅಲ್ಲೇ ನಿಂತಿದ್ದಳು. ಕತ್ತನ್ನು ಒಂದು ಕಡೆಗೆ ವಾಲಿಸಿ ಏನನ್ನೋ ಆಲಿಸುತ್ತಿದ್ದಳು.

“ಯಾಕೆ ನಿಂತೆ ಅಕ್ಕಾ?”

“ಕಳ್ಳಿ ಥರ ಯಾಕೆ ನಡೀತಿದ್ದೀಯ?” ಎಂದಳು. “ಚಪ್ಪಲಿ ಸದ್ದು ಮಾಡು. ಒಂದು ವರ್ಷದಿಂದ ಅದನ್ನ ಹಿಡ್ಕೊಂಡೇ ಮನೆಗೆ ಬರ್ತಿದ್ದೀನಿ.”

ನಾನು ಮುಂದೆ ತಿರುಗಿ, ದಾರಿಯುದ್ದಕ್ಕೂ ಚಪ್ಪಲಿ ನೆಲಕ್ಕೆ ಬಡಿಬಡಿದು ನಡೆದೆ. ಹಿಂದೆ ಅಕ್ಕ ಬರುತ್ತಿದ್ದಳು.