ಕಾಡಿಗೆ ಪುಟದ ಕೊಕ್ಕರೆಗಳು

ಸೊಣ್ಣಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಬಂದದ್ದು ಬಂತು, ಬೇಗ ಹಣ್ಣಾದರೂ ಆಗಬಾರದೇ? ಅದೂ ಇಲ್ಲ. “ಇನ್ನೂ ಕಾಯಿ ಇದೆ ಕಣಮ್ಮ. ಹಣ್ಣಾಗ್ಲಿ, ಆರು ತಿಂಗಳು ಬಿಟ್ಟು ಬಾ, ಆಪರೇಷನ್ ಮಾಡ್ತೀವಿ” ಎಂದು ಕಣ್ಣಿನ ಡಾಕ್ಟರು ಹೇಳಿ ಕಳಿಸಿದ್ದರು, ಅವಳ ಕಣ್ಣೊಳಗೆ ಯಾರೋ ಮಾವಿನ ಗಿಡ ನೆಟ್ಟಿರುವ ಹಾಗೆ. ಇದು ತೊಂಬತ್ತೇಳನೇ ಇಸವಿಯ ಮಾತು. ದೊಡ್ಡಬಳ್ಳಾಪುರದ ಬೀದಿಗಳೆಲ್ಲ ಆಗ ಅವಳಿಗೆ ಹೊಗೆ ಹಾಕಿದಂತೆ ಕಾಣುತ್ತಿದ್ದವು. ಬಸ್ಸು ಎದುರಿಗೆ ಬಂದರೆ ಮನೆಯೊಂದು ನಡೆದು ಬಂದಂತೆ, ಬೀದಿದೀಪಕ್ಕೆಲ್ಲ ಒಂದೊಂದು ಬಳೆ ತೊಡಿಸಿದಂತೆ. ಚೆಂದವೇ ಇತ್ತು ಅನ್ನಿ. ಆದರೆ ಚೆಂದ ನೋಡಿಕೊಂಡು ಕೂರುವ ಕೆಲಸ ಅವಳದಲ್ಲವಲ್ಲ.

ಅವಳ ಕೆಲಸ ಗ್ರಾಫ್ ಬರೆಯುವುದು. ಆದಿನಾರಾಯಣಪ್ಪನವರ ಹದಿನಾರು ಮಗ್ಗಗಳಿಗೆ ಮೂವತ್ತು ವರ್ಷದಿಂದ ಸೀರೆಯ ಅಂಚುಗಳನ್ನು ಚೌಕದ ಹಾಳೆಯ ಮೇಲೆ ಬರೆದುಕೊಟ್ಟವಳು ಅವಳೇ. ಎಳೆ ಏಳಬೇಕಾದ ಕಡೆ ಚೌಕಕ್ಕೆ ಕಪ್ಪು ತುಂಬಬೇಕು, ಉಳಿದದ್ದನ್ನು ಬಿಳಿ ಬಿಡಬೇಕು. ಕಪ್ಪಿದ್ದಲ್ಲೆಲ್ಲ ಅಲ್ಲಿನ ಕೆಲಸಗಾರ ಬೈರೇಶ ರಟ್ಟಿನ ಕಾರ್ಡಿಗೆ ತೂತು ಹೊಡೆಯುತ್ತಾನೆ. ಆ ಕಾರ್ಡುಗಳ ಸರ ಮಗ್ಗದ ನೆತ್ತಿಯ ಮೇಲೆ ತಿರುಗಿ, ತೂತು ಸಿಕ್ಕ ಕಡೆ ಎಳೆ ಎತ್ತಿ, ಜರಿಗೆ ದಾರಿ ಬಿಡುತ್ತದೆ. ಸೊಣ್ಣಕ್ಕನ ಗ್ರಾಫ್ ಎಂದರೆ ಬೈರೇಶ ಎರಡನೇ ಸಲ ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿ ಹೊಡೆಯುತ್ತಿದ್ದ.

ಈಚೆಗೆ ಬಿಳಿ ಹಾಳೆ ಎದುರಿಗಿಟ್ಟರೆ ಸಾಕು, ನಡುಮಧ್ಯಾಹ್ನ ಸುಣ್ಣದ ಗೋಡೆ ನೋಡಿದಂತೆ ಅವಳ ಕಣ್ಣು ಕುಕ್ಕಿ ನೀರು ಸುರಿಯುತ್ತಿತ್ತು. ಎರಡು ಅಂಚು ಕೆಟ್ಟವು. ಆದಿನಾರಾಯಣಪ್ಪ ಒಳ್ಳೆಯ ಮನುಷ್ಯ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಸೊಣ್ಣಕ್ಕ, ರೆಸ್ಟ್ ತಗೊಳಮ್ಮ. ಬೆಂಗ್ಳೂರಲ್ಲಿ ಗ್ರಾಫ್ ಬರ್ಯೋರು ಸಿಕ್ಕವ್ರೆ” ಎಂದರು.

“ಇನ್ನೊಂದೇ ಒಂದು ಅಂಚು ಬರ್ಕೊಡ್ತೀನಿ ಸಾವ್ಕಾರ್ರೆ. ಅದೂ ಕೆಟ್ರೆ ಈ ಕಡೆ ತಲೆ ಹಾಕಲ್ಲ” ಎಂದಳು ಸೊಣ್ಣಮ್ಮ. ಮಾತು ಗಟ್ಟಿಯಾಗೇ ಬಂತು. ಅವರು ಹದಿನೈದು ದಿನ ಕೊಟ್ಟರು.

ಮನೆಗೆ ಬಂದು ತಮ್ಮನ ಮಗಳು ಚೈತ್ರಳ ಎದುರು ಕೂತು ಅತ್ತಳು. ಗ್ರಾಫ್ ಹೋದರೆ ತಾನು ಯಾರು? ತಮ್ಮನ ಮನೆಯ ಮೂಲೆಯಲ್ಲಿ ಅಕ್ಕಿ ಆರಿಸುವ ಮುದುಕಿ, ಅದೂ ಕಲ್ಲು ಕಾಣದ ಮುದುಕಿ. ಹಾಗಂತ ಬಾಯಿಬಿಟ್ಟು ಹೇಳಿಕೊಂಡಳು. ಚೈತ್ರ ಡಿಗ್ರಿಯಲ್ಲಿ ಗಣಿತ ಓದುತ್ತಿದ್ದ ಹುಡುಗಿ. ಸಮಾಧಾನ ಹೇಳುವುದು ಅವಳಿಗೆ ಬರುತ್ತಿರಲಿಲ್ಲ. “ನಾಳೆ ನಮ್ ಕಾಲೇಜಿಗೆ ಬಾ ಅತ್ತೆ” ಎಂದಳು ಅಷ್ಟೇ.

ಕಾಲೇಜಿನ ಗಣಿತದ ಮೇಷ್ಟ್ರು ಗೋವಿಂದರಾಜು ಎಲ್ಲಿಂದಲೋ ಕೇಳಿ ತಂದ ಹಳೆಯ ಕಂಪ್ಯೂಟರೊಂದು ಹಿಂದಿನ ಕೋಣೆಯಲ್ಲಿತ್ತು. ಅದರೊಳಗೆ ಒಂದು ನೋಟ್‌ಬುಕ್. ಹಾಳೆಯ ನೋಟ್‌ಬುಕ್ ಅಲ್ಲ. ಒಂದು ಸಾಲು ಬರೆದು ಎರಡು ಕೀಲಿ ಒತ್ತಿದರೆ ಅದರ ಕೆಳಗೇ ಉತ್ತರ ಬಂದು ಕೂರುತ್ತದೆ. ಲೆಕ್ಕ ಕೇಳಿದರೆ ಲೆಕ್ಕ, ಚಿತ್ರ ಕೇಳಿದರೆ ಚಿತ್ರ. ಒಂದು, ಸೊನ್ನೆ ಎಂದು ಸಾಲಾಗಿ ಬರೆದರೆ ಚೌಕಗಳ ಹಾಳೆಯೇ ಮೂಡುತ್ತದೆ ಎಂದು ಚೈತ್ರ ತೋರಿಸಿದಳು. ಸೊಣ್ಣಮ್ಮನಿಗೆ ಕಂಡದ್ದು ಮತ್ತದೇ ಸುಣ್ಣದ ಗೋಡೆ.

“ಇದಕ್ಯಾಕಮ್ಮ ಬಿಳಿ ಸೀರೆ ಉಡ್ಸಿದೀರಾ, ಗಂಡ ಸತ್ತೋದ್ನಾ ಪಾಪ” ಎಂದಳು, ಕಣ್ಣೊರೆಸಿಕೊಳ್ಳುತ್ತ.

ಚೈತ್ರ ನಕ್ಕಳು. ಅದಕ್ಕೆ ಬೇರೆ ಸೀರೆ ಉಡಿಸಲೂ ಬರುತ್ತದೆ ಎಂಬುದು ಅವಳಿಗೆ ತಟ್ಟನೆ ನೆನಪಾಯಿತು. ಆ ನೋಟ್‌ಬುಕ್ಕಿನಲ್ಲಿ ತಲೆಬರಹಕ್ಕೊಂದು, ಬರೆದ ಸಾಲಿಗೊಂದು, ಬಂದ ಉತ್ತರಕ್ಕೊಂದು ಉಡುಗೆ. ಪುಟದ ಬಣ್ಣ, ಅಕ್ಷರದ ಗಾತ್ರ, ಸಾಲಿನ ನಡುವಿನ ಜಾಗ, ಎಲ್ಲವನ್ನೂ ನಾವೇ ಬದಲಿಸಬಹುದು. ಬಣ್ಣಕ್ಕೆ ಮಾತ್ರ ಹೆಸರಿಲ್ಲ. ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು ಎಂದು ಮೂರು ಅಂಕಿ ಕೊಡಬೇಕು.

“ಬಣ್ಣದ ಹಂಡೆ ಮುಂದೆ ಕೂತಂಗಾಯ್ತಲ್ಲ” ಎಂದು ಸೊಣ್ಣಮ್ಮ ಕುರ್ಚಿ ಎಳೆದುಕೊಂಡಳು.

ಆಮೇಲಿನ ಒಂದು ವಾರ ಅತ್ತೆ ಸೊಸೆಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಪುಟಕ್ಕೆ ಗಿಣಿಹಸಿರು ಉಡಿಸಿದರು, ರಾಣಿ ಬಣ್ಣ ಉಡಿಸಿದರು, ನೇರಳೆ ಉಡಿಸಿದರು. ಕೆಂಪಿಗೆ ಹಸಿರು ಬೆರೆಸಿದರೆ ಇಲ್ಲಿ ಹಳದಿಯಾಗುತ್ತದೆ, ಮೂರನ್ನೂ ಪೂರ್ತಿ ಸುರಿದರೆ ಬಿಳಿಯಾಗುತ್ತದೆ. ನೂಲಿಗೆ ಬಣ್ಣ ಹಾಕುವ ಯಾವನೂ ಒಪ್ಪದ ಮಾತು. ಸೊಣ್ಣಮ್ಮ ಅದನ್ನು ನಾಲ್ಕು ಸಲ ಮಾಡಿಸಿ ನೋಡಿದಳು. ಗೋವಿಂದರಾಜು ಮೇಷ್ಟ್ರು ಬಾಗಿಲಲ್ಲಿ ಇಣುಕಿ, “ಏನಮ್ಮ ಇದು, ಗಣಿತದ ಪುಸ್ತಕಾನ ಮದುವೆ ಚಪ್ಪರ ಮಾಡಿಟ್ಟಿದೀರಲ್ಲ” ಎಂದು ಗೊಣಗಿ ಹೋದರು.

ಏಳನೆಯ ದಿನ ಚೈತ್ರ ಮೂರಕ್ಕೂ ಸೊನ್ನೆ ಕೊಟ್ಟಳು. ಪುಟ ಕಾಡಿಗೆ ಬಳಿದಂತೆ ಕಪ್ಪಾಯಿತು. ಒಂದು ಎಂದು ಬರೆದ ಚೌಕಗಳಿಗೂ ಅಕ್ಷರಕ್ಕೂ ಅರಿಶಿನದ ಹಳದಿ, ಗಾತ್ರ ಹೆಬ್ಬೆಟ್ಟಿನಷ್ಟು.

ಸೊಣ್ಣಮ್ಮ ಮುಂದಕ್ಕೆ ಬಾಗಿದಳು. ಕುಕ್ಕುವ ಬೆಳಕಿರಲಿಲ್ಲ. ಕಪ್ಪಿನ ನಡುವೆ ಒಂದು ಹಳದಿ ಚೌಕ ನಿಂತಿತ್ತು, ಅದರ ನಾಲ್ಕು ಮೂಲೆಯೂ ಕಾಣುತ್ತಿತ್ತು. ಮೂಲೆ ಎಂಬುದನ್ನು ನೋಡಿ ಅವಳಿಗೆ ವರ್ಷವಾಗಿತ್ತು. ಬೆರಳಿಟ್ಟು ಮುಟ್ಟಿ, “ಇದೊಂದು” ಎಂದಳು. ಮುಂದಿನದನ್ನು ಮುಟ್ಟಿ, “ಇದೆರಡು” ಎಂದಳು.

ಅಂಚು ಏನಿರಬೇಕೆಂದು ಅವಳು ಯೋಚಿಸಲೇ ಇಲ್ಲ, ತಾನಾಗಿ ಬಂತು. ತವರು ರಾಜಘಟ್ಟದ ಕೆರೆಯಲ್ಲಿ ಮುಂಜಾನೆ ನೀರು ಕರ್ರಗಿರುತ್ತಿತ್ತು, ಕೊಕ್ಕರೆಗಳು ಒಂಟಿಕಾಲಲ್ಲಿ ನಿಂತಿರುತ್ತಿದ್ದವು. ಕಣ್ಣು ಅರೆ ಮುಚ್ಚಿ ಹೇಳತೊಡಗಿದಳು. “ಮೂರು ಎತ್ತು, ಎಂಟು ಬಿಡು. ಎರಡು ಎತ್ತು, ಒಂದು ಬಿಡು, ಒಂದು ಎತ್ತು.” ಚೈತ್ರ ಎತ್ತಿದ್ದಕ್ಕೆ ಒಂದು, ಬಿಟ್ಟಿದ್ದಕ್ಕೆ ಸೊನ್ನೆ ಬರೆಯುತ್ತ ಹೋದಳು. ಸಾಲು ಸಾಲಾಗಿ ಕತ್ತು ಬಂತು, ಕೊಕ್ಕು ಬಂತು, ರೆಕ್ಕೆ ಬಂತು. ಹೇಳುತ್ತ ಹೇಳುತ್ತ ಸೊಣ್ಣಮ್ಮನಿಗೆ ತಾನು ಕಾಲೇಜಿನ ಕೋಣೆಯಲ್ಲಿದ್ದೇನೋ, ಮೊಣಕಾಲುದ್ದ ನೀರಲ್ಲಿದ್ದೇನೋ ಗೊತ್ತಾಗದೆ ಹೋಯಿತು. ಹಳದಿ ಹಕ್ಕಿಗಳು ಕಪ್ಪು ನೀರಿನಿಂದ ಒಂದೊಂದೇ ಮೇಲೆ ಬಂದು, ಅವಳನ್ನು ಗುರುತು ಹಿಡಿದು, ಸರಿದು ನಿಲ್ಲುತ್ತಿದ್ದವು. ಇಷ್ಟು ಸುಖವಾಗಿ ಅವಳು ಯಾವ ಅಂಚನ್ನೂ ಬರೆದಿರಲಿಲ್ಲ.

ಪ್ರಿಂಟ್ ತೆಗೆದಾಗ, ಪರದೆಯಲ್ಲಿ ಇದ್ದದ್ದು ಇದ್ದ ಹಾಗೇ ಹಾಳೆಗೆ ಬಂದಿದೆ ಎಂದು ಚೈತ್ರ ಹಿಗ್ಗಿದಳು. ಮೇಷ್ಟ್ರ ಪ್ರಿಂಟರಿಗೆ ಇದ್ದದ್ದು ಕಪ್ಪು ರಿಬ್ಬನ್ ಒಂದೇ. ಅದು ಕಪ್ಪು ಪುಟವನ್ನೆಲ್ಲ ಕರ್ರಗೆ ತುಂಬಿ, ಹಳದಿ ಕೊಕ್ಕರೆಗಳನ್ನು ಬಿಳಿಯಾಗಿ ಬಿಟ್ಟಿತ್ತು. ಸೊಣ್ಣಮ್ಮನಿಗೆ ಹಾಳೆ ಕಾಣುವಂತಿರಲಿಲ್ಲ. ಚೈತ್ರಳಿಗೆ ಕಾಣುತ್ತಿತ್ತು, ಆದರೆ ಕಪ್ಪು ಎಂದರೆ ತೂತು ಎಂಬುದು ಗಣಿತದ ಹುಡುಗಿಗೆ ಯಾರು ಹೇಳಬೇಕು? ಬೈರೇಶನಿಗೆ ಅದು ಗೊತ್ತಿತ್ತು, ಆದರೆ ಸೊಣ್ಣಕ್ಕನ ಗ್ರಾಫನ್ನು ಅವನು ಅನುಮಾನಿಸುವ ಪೈಕಿಯಲ್ಲ. ಎರಡು ದಿನ ಕೂತು ಕಪ್ಪಿದ್ದಲ್ಲೆಲ್ಲ ಹೊಡೆದ. “ಏನಕ್ಕ, ಈ ಸಲ ಕೈ ಬಿದ್ದೋಯ್ತು” ಎಂದ, ಅಷ್ಟೇ.

ಕಾರ್ಡುಗಳು ಮಗ್ಗ ಏರಿದ ದಿನ ಮಧ್ಯಾಹ್ನ ಕರೆ ಬಂತು. ಚೈತ್ರಳ ಕೈ ಹಿಡಿದು ಸೊಣ್ಣಮ್ಮ ಹೋದಾಗ ಆ ಮಗ್ಗ ನಿಂತಿತ್ತು. ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಎಳೆ ಎತ್ತಬೇಕಾಗಿ ಬಂದು ಅದು ತಿಣುಕಾಡಿತ್ತು. ಆದಿನಾರಾಯಣಪ್ಪ ಕಾರ್ಡಿನ ಸರ ಹಿಡಿದು ನಿಂತಿದ್ದರು.

“ಎಲ್ಲಾ ಉಲ್ಟಾ ಆಗೈತೆ ಸೊಣ್ಣಕ್ಕ. ಎತ್ತೋದ್ನ ಬಿಟ್ಟಿದೀಯ, ಬಿಡೋದ್ನ ಎತ್ತಿದೀಯ. ಇನ್ನು ನನ್ ಕೈಲಾಗಲ್ಲಮ್ಮ” ಎಂದರು. ಚೈತ್ರ ಏನೋ ಹೇಳಹೋದಳು. ಸೊಣ್ಣಮ್ಮ ಅವಳ ಕೈ ಅದುಮಿದಳು. ತಪ್ಪು ಹುಡುಗಿಯ ತಲೆಗೆ ಬರುವುದು ಅವಳಿಗೆ ಬೇಡವಾಗಿತ್ತು.

“ನಂದೇ ತಪ್ಪು. ಒಂದ್ಸಲ ಮುಟ್ಟಿ ಹೋಗ್ತೀನಿ” ಎಂದು ಮಗ್ಗದ ಹತ್ತಿರ ಹೋದಳು.

ಮಗ್ಗದಲ್ಲಿ ಸೀರೆ ಯಾವಾಗಲೂ ಬೋರಲು ಮಲಗಿರುತ್ತದೆ. ಮೇಲೆ ಕಾಣುವುದು ಬೆನ್ನು, ಜರಿಯ ಗೋಜಲು. ಮುಖ ಕೆಳಗಿರುತ್ತದೆ, ಇಳಿಸಿ ಮಗುಚುವವರೆಗೆ ಯಾರಿಗೂ ಕಾಣದು. ಕಾರ್ಡು ಉಲ್ಟಾ ಆದದ್ದಕ್ಕೆ ಇವತ್ತು ಸೀರೆಯೂ ಉಲ್ಟಾ ಆಗಿತ್ತು. ಬದನೆಕಾಯಿ ಬಣ್ಣದ ಗಾಢ ಅಂಚಿನ ಮೇಲೆ ಜರಿಯ ಕೊಕ್ಕರೆಗಳು ಮುಖ ಮೇಲಕ್ಕೆ ಮಾಡಿ ನಿಂತಿದ್ದವು. ಸೊಣ್ಣಮ್ಮ ಮೂಗು ತಾಗುವಷ್ಟು ಬಾಗಿದಳು. ಮೂವತ್ತು ವರ್ಷದಲ್ಲಿ ತನ್ನ ಅಂಚು ಮಗ್ಗದ ಮೇಲೆ ಅವಳನ್ನು ತಿರುಗಿ ನೋಡಿದ್ದು ಅದೇ ಮೊದಲು. ಅವಳಿಗೆ ಕಾಣುತ್ತಿತ್ತು. ಅಳು ಬಂತು, ನಗುವೂ ಬಂತು. ಆಮೇಲೆ ಹುಬ್ಬು ಗಂಟಿಕ್ಕಿತು.

“ಬೈರೇಶ, ಬಾರೋ ಇಲ್ಲಿ. ಈ ಹಕ್ಕೀದು ಕಾಲು ಮುರಿದೈತೆ. ಮೊಣಕಾಲ ಕೆಳಗೆ ಒಂದು ಚೌಕ. ಪಕ್ಕದ್ರಲ್ಲೂ ಅಷ್ಟೇ. ಹೊಡೀಬಾರದ ಕಡೆ ತೂತು ಹೊಡ್ದಿದೀಯ ಕಣೋ.”

ಬೈರೇಶ ಬಾಗಿ ನೋಡಿದ, ಕಾಣಲಿಲ್ಲ. ಆದಿನಾರಾಯಣಪ್ಪ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಅಂಚಿನ ಮೇಲೆ ಬಗ್ಗಿ ಹುಡುಕಿದರು. ತುಂಬ ಹೊತ್ತು ಹುಡುಕಿದರು. ಕೊಕ್ಕರೆಯ ಕಾಲಲ್ಲಿ, ಮೊಣಕಾಲ ಕೆಳಗೆ, ಎಳ್ಳುಕಾಳಿನಷ್ಟು ಜರಿ ಬಿಟ್ಟುಹೋಗಿತ್ತು.

ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿದರು.

“ಬೈರೇಶ, ಆ ಒಂದು ಕಾರ್ಡು ಬದ್ಲಾಯ್ಸು, ಮಿಕ್ಕಿದ್ದು ಹಂಗೇ ಇರ್ಲಿ” ಎಂದರು. ಆಮೇಲೆ ಸೊಣ್ಣಮ್ಮನ ಕಡೆ ತಿರುಗಿ, “ಸೆರಗಿಗೆ ಏನ್ ಹಾಕ್ತೀಯಕ್ಕ? ಸೋಮವಾರದೊಳಗೆ ಗ್ರಾಫ್ ಬೇಕು” ಎಂದರು.