ರೋತೆಮ್ ಅಂತ ಕೂಗಿದರೆ

ನಮ್ಮ ಹುಡುಗಿ ಹುಟ್ಟಿ ಹನ್ನೊಂದು ದಿನವಾದರೂ ಹೆಸರಿರಲಿಲ್ಲ. ಶನಿವಾರ ಬೆಳಿಗ್ಗೆ ಯೆಹೂದಿಗಳಾದ ನಮ್ಮ ಪ್ರಾರ್ಥನಾಲಯ ಸಿನಗಾಗ್‌ನಲ್ಲಿ ಧರ್ಮಗ್ರಂಥ ತೋರಾ ಓದುವಾಗ ಮಗುವಿನ ಅಪ್ಪನನ್ನು ಮೇಲೆ ವೇದಿಕೆಗೆ ಕರೆಯುತ್ತಾರೆ. ಅಲ್ಲಿ ನಾನು ಹೇಳಿದ್ದೇ ಹೆಸರು. ಒಮ್ಮೆ ಬಾಯಿಂದ ಬಿತ್ತೆಂದರೆ ಮುಗಿಯಿತು. ಈ ಬೇರ್‌ಶೇವಾ ಊರಿನಲ್ಲಿ ಒಂಬತ್ತು ವರ್ಷದಿಂದ ಬಸ್ಸು ಓಡಿಸುತ್ತಿದ್ದೇನೆ, ಯಾವ ತಿರುವಿನಲ್ಲೂ ಇಷ್ಟು ತಬ್ಬಿಬ್ಬಾಗಿರಲಿಲ್ಲ.

ನನ್ನಮ್ಮ ಫೊರ್ತೂನಾಗೆ ತನ್ನ ಹೆಸರೇ ಬೇಕು. ತುನೀಸಿಯಾದಿಂದ ಬಂದ ನಮ್ಮ ಮನೆಗಳಲ್ಲಿ ಅಜ್ಜಿ ಬದುಕಿರುವಾಗಲೇ ಮೊಮ್ಮಗಳಿಗೆ ಅವಳ ಹೆಸರಿಡುವುದು ಮರ್ಯಾದೆ. ನನ್ನ ಹೆಂಡತಿ ಹಗಿತ್‌ಳ ಕಡೆಯವರು ರುಮೇನಿಯಾದವರು. ಬದುಕಿರುವವರ ಹೆಸರಿಟ್ಟರೆ ಅವರ ಸಾವನ್ನು ಕರೆದಂತೆ ಎಂದು ಬೆಚ್ಚುತ್ತಾರೆ. ಅವರಲ್ಲಿ ಸತ್ತವರ ಹೆಸರೇ ಆಗಬೇಕು.

"ಸತ್ರೆ ಸಾಯೋಳು ನಾನು. ನಿಮ್ಮತ್ತೆಗ್ಯಾಕೆ ಸಂಕಟ?" ಎಂದಳು ಅಮ್ಮ.

ಅವರಲ್ಲಿ ಸತ್ತವನೊಬ್ಬ ಇದ್ದ. ಹಗಿತ್‌ಳ ತಮ್ಮ ರೋತೆಮ್, ಹನ್ನೆರಡು ವರ್ಷದ ಹಿಂದೆ, ಇಪ್ಪತ್ತರ ವಯಸ್ಸಿಗೆ ಬೈಕಿನಿಂದ ಬಿದ್ದು ಹೋದವನು. ಹೆಸರೂ ಅನುಕೂಲದ್ದೇ, ಗಂಡಿಗೂ ಸೈ ಹೆಣ್ಣಿಗೂ ಸೈ. ನಮ್ಮ ಮರುಭೂಮಿಯ ಬಿಳಿ ಹೂವಿನ ಪೊದೆ ಅದು. ಅದರ ಕೆಂಡ ಹೊರಗೆ ಬೂದಿಯಾದರೂ ಒಳಗೆ ದಿನಗಟ್ಟಲೆ ಕೆಂಪಗಿರುತ್ತದಂತೆ. ಆದರೆ ಒಂದು ಕಾಲಕ್ಕೆ ಊರಿಗೆ ಊರೇ ಈ ಹೆಸರಿಟ್ಟಿತ್ತಲ್ಲ. ನನ್ನ ಬಸ್ಸಿನಲ್ಲಿ ರೋತೆಮ್ ಎಂದರೆ ಒಬ್ಬ ಸೈನಿಕ, ಒಬ್ಬಳು ದಂತವೈದ್ಯೆ, ಟಿಕೆಟ್ ತೆಗೆಯದ ಒಬ್ಬ ಭೂಪ, ಮೂವರೂ ತಲೆಯೆತ್ತುತ್ತಾರೆ. ಇಂಥ ಸವೆದ ಹೆಸರಿನಿಂದ ಯಾರ ನೆನಪು ಉಳಿದೀತು? ಒಂದು ಸಲ ಸರಿ ಅನ್ನಿಸುತ್ತಿತ್ತು, ಒಂದು ಸಲ ತಪ್ಪು.

ಹಗಿತ್ ಹತ್ತು ದಿನ ತುಟಿ ಬಿಚ್ಚಲಿಲ್ಲ. ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ, "ರೋತೆಮ್ ಅಂತಾನೇ ಇಡು. ನಮ್ಮಮ್ಮ ಬಾಯಿಬಿಟ್ಟು ಕೇಳಲ್ಲ, ಆದ್ರೆ ಕಾಯ್ತಿದ್ದಾಳೆ. ಮೊದ್ಲೇ ಹೇಳ್ಬೇಡ, ಅಲ್ಲೇ ಕೇಳಿಸ್ಕೊಳ್ಳಲಿ" ಎಂದಳು. ನನಗೆ ಹಾಯೆನಿಸಿತು.

ಬೆಳಿಗ್ಗೆ ಅವಳು ಮಗುವಿನ ಜೊತೆ ಮನೆಯಲ್ಲೇ ಉಳಿದಳು. ನಾನೂ ಅತ್ತೆ ಗೆನ್ಯಾ ಅವರೂ ನಡೆದು ಹೊರಟೆವು. ದಾರಿಯ ಆಟದ ಬಯಲಿನಲ್ಲಿ ಯಾವಳೋ ತಾಯಿ, "ರೋತೆಮ್, ಇಳಿಯೋ ಕೆಳಗೆ" ಎಂದು ಮಗನನ್ನು ಕೂಗಿದಳು. ಅತ್ತೆ ಸರಕ್ಕನೆ ತಿರುಗಿದರು. ಆಮೇಲೆ ನಾಚಿದವರಂತೆ ಮುಂದೆ ನಡೆದರು.

"ಹುಚ್ಚು ಅನ್ಕೋಬೇಡಪ್ಪಾ," ಎಂದರು. "ಯಾರು ಕೂಗಿದ್ರೂ ಹೀಗೇ. ಮಾರ್ಕೆಟ್ಟಲ್ಲಿ, ಆಸ್ಪತ್ರೇಲಿ. ತಿರುಗೋ ಅಷ್ಟು ಹೊತ್ತು ಅವನು ಇರ್ತಾನೆ. ತಿರುಗಿದ ಮೇಲೆ ಇರಲ್ಲ, ಬಿಡು. ಅಷ್ಟಾದ್ರೂ ಸಿಗತ್ತಲ್ಲ."

"ಮಗೂಗೆ ಆ ಹೆಸರಿಟ್ರೆ?" ನೆಲ ನೋಡುತ್ತಾ ಕೇಳಿದೆ.

"ಆಗ ಕೂಗಿದಾಗೆಲ್ಲ ಮಗು ಬರತ್ತೆ. ಅವನು ಇನ್ಯಾವಾಗ ಬರಬೇಕು?" ಸ್ವಲ್ಪ ದೂರ ನಡೆದು, "ಹಗಿತ್‌ಗೆ ಹೇಳ್ಬೇಡ. ಅವಳಿಗೆ ಅದೇ ಇಷ್ಟ ಅಂತ ಕಾಣತ್ತೆ. ಅವಳಿಟ್ರೆ ನಾನು ಚಕಾರ ಎತ್ತಲ್ಲ" ಎಂದರು.

ಸರಿಹೋಯಿತು. ಇಬ್ಬರೂ ಹೇಳಬೇಡ ಅಂದವರೇ. ಶನಿವಾರ ಶಬ್ಬಾತ್, ವಿಶ್ರಾಂತಿಯ ದಿನ, ಫೋನ್ ಮುಟ್ಟುವಂತಿಲ್ಲ, ಮನೆಗೆ ಓಡಿ ಕೇಳೋಣವೆಂದರೆ ನಾವು ತಲುಪುವಷ್ಟರಲ್ಲಿ ಓದು ಶುರುವಾಗಿತ್ತು. ನನ್ನ ತಲೆ ಮೊಸರುಗಡಿಗೆಯಾಯಿತು.

ಕರೆದರು, ಹೋದೆ. ಓದು ನಡೆಸುವ ಮುದುಕ ಯೋನಾ, "ಮಗು ಹೆಸರು?" ಎಂದ. ಮೇಲೆ ಹೆಂಗಸರು ಕೂರುವ ಕಡೆ, ಜಾಲರಿಯ ಹಿಂದೆ, ಮೊದಲೇ ಬಂದಿದ್ದ ನನ್ನಮ್ಮ ಹೆಸರು ಹೇಳಿದ ಕೂಡಲೇ ಎಲ್ಲರ ಮೇಲೆ ಎಸೆಯಲು ಮಿಠಾಯಿ ಹಿಡಿದು ನಿಂತಿದ್ದಳು. ಅತ್ತೆ ತಲೆ ತಗ್ಗಿಸಿದ್ದರು.

"ಗೊತ್ತಿಲ್ಲ," ಎಂದೆ.

"ಗೊತ್ತಿಲ್ಲ ಅಂತಾನೇ ಇಡೋಣ್ವಾ?" ಎಂದ ಯೋನಾ. ಗಂಡಸರೆಲ್ಲ ನಕ್ಕರು. ಅವನು ಹೆಸರಿಲ್ಲದೆಯೇ ತಾಯಿ ಮಗಳಿಗೆ ಆಶೀರ್ವಾದ ಓದಿ ನನ್ನನ್ನು ಕೆಳಗಿಳಿಸಿದ. ಅಮ್ಮ ಮಿಠಾಯಿಯನ್ನು ನೇರ ನನ್ನ ತಲೆಗೇ ಎಸೆದಳು.

ಮನೆಯಲ್ಲಿ ಹಗಿತ್ ಹಾಲೂಡಿಸುತ್ತಿದ್ದಳು. "ನಮ್ಮಮ್ಮ ಅತ್ಲಾ?" ಎಂದು ಕೇಳಿದಳು. ಬೈಸಿಕೊಳ್ಳಲು ಸಿದ್ಧನಾಗಿ ಎಲ್ಲವನ್ನೂ ಒಪ್ಪಿಸಿದೆ, ಹೆಸರು ಹೇಳದೆ ಬಂದದ್ದನ್ನೂ, ದಾರಿಯಲ್ಲಿ ಯಾರೋ ರೋತೆಮ್ ಅಂತ ಕೂಗಿದಾಗ ಅತ್ತೆ ತಿರುಗಿದ್ದನ್ನೂ.

ಅವಳು ಬೈಯಲಿಲ್ಲ. ಮಗುವನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟಿದಳು.

"ನಾನೂ ತಿರುಗ್ತೀನಿ," ಎಂದಳು.